ಡಿಫೆಂಡರ್ ಯಾರು ಆಫ್ ಮಾಡ್ತಿದ್ದಾರೆ ಅಂತ ಲಾಗ್ ನೋಡಿ ಹಿಡಿಯಬಹುದಾ?

ಕೊಪ್ಪಳದ ನಿಮ್ಮ ಆಫೀಸಿನ ಹನ್ನೆರಡು ಕಂಪ್ಯೂಟರುಗಳಲ್ಲಿ ಆಗಾಗ ಒಂದರಲ್ಲಿ ವಿಂಡೋಸ್ ಡಿಫೆಂಡರ್ (ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್) ಆಫ್ ಆಗಿರುತ್ತೆ, ಕೇಳಿದರೆ ಎಲ್ಲರೂ "ನಾನಲ್ಲ" ಅಂತಾರೆ ಅಂದಿದ್ದೀರಿ. ಹಿಡಿಯಬಹುದು. ಆದರೆ ಲಾಗ್ (ಏನು ಯಾವಾಗ ನಡೆಯಿತು ಅಂತ ಕಂಪ್ಯೂಟರ್ ತಾನೇ ಬರೆದಿಡೋ ದಾಖಲೆ) ಅದೇ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಕಷ್ಟ. ನಾನಿದನ್ನ ಪೆಟ್ಟು ತಿಂದೇ ಕಲಿತದ್ದು.

ಗಂಗಾವತಿಯ ಒಂದು ರೈಸ್ ಮಿಲ್ಲಿನ ಕಂಪ್ಯೂಟರುಗಳನ್ನ ನಾನು ನೋಡಿಕೊಳ್ತೀನಿ. ಭತ್ತದ ಸುಗ್ಗಿ, ಗೇಟಿನಾಚೆವರೆಗೂ ಲಾರಿ ನಿಂತಿದ್ದವು. ಕಾಟಾ ಕಂಪ್ಯೂಟರ್ ತಡವರಿಸ್ತಿದೆ ಅಂತ ಕರೆದರು. ಲಾಗ್ ತೋರಿಸೋ ವಿಂಡೋಸಿನ ಇವೆಂಟ್ ವ್ಯೂವರ್‌ನಲ್ಲಿ ಸೆಕ್ಯುರಿಟಿ ಲಾಗ್ ತೆರೆದೆ. ವಾರಗಟ್ಟಲೆ ಇರಬೇಕಾದದ್ದು ಹಿಂದಿನ ರಾತ್ರಿ 9:40ಕ್ಕೆ ಶುರುವಾಗಿತ್ತು. ಮೊದಲ ಸಾಲೇ 1102 (ಒಂದೊಂದು ಬಗೆಯ ಘಟನೆಗೂ ವಿಂಡೋಸ್ ಇಂಥ ಒಂದು ನಂಬರ್ ಹಾಕುತ್ತೆ). ಯಾರಾದರೂ ಈ ಲಾಗ್ ಅಳಿಸಿದರೆ ವಿಂಡೋಸ್ ತಾನೇ ಬರೆದಿಡೋ ಸಾಲು ಅದು, ಅಳಿಸಿದ ಖಾತೆಯ ಹೆಸರೂ ಅದರಲ್ಲೇ ಇರುತ್ತೆ. ಇದ್ದ ಹೆಸರು ಅಡ್ಮಿನ್. ಆ ಪಾಸ್‌ವರ್ಡ್ ಮಿಲ್ಲಿನಲ್ಲಿ ಆರು ಜನಕ್ಕೆ ಗೊತ್ತಿತ್ತು!

ಅಳಿಸಿದವರು ಡಿಫೆಂಡರಿಗೆ ಬೇರೆಯೇ ಲಾಗ್ ಇದೆ ಅನ್ನೋದನ್ನ ಮರೆತಿದ್ದರು. ಅಲ್ಲಿ 9:22ಕ್ಕೆ 5001, ಅಂದರೆ ರಿಯಲ್-ಟೈಮ್ ಪ್ರೊಟೆಕ್ಷನ್ (ಡಿಫೆಂಡರಿನ ಸದಾ ನಡೆಯೋ ಕಾವಲು) ಆಫ್. ಮರುನಿಮಿಷವೇ 5007, ಸೆಟ್ಟಿಂಗ್ ಬದಲಾವಣೆ. ಅದರ 'ನ್ಯೂ ವ್ಯಾಲ್ಯೂ' ಸಾಲಿನಲ್ಲಿ ಇಡೀ ಡಿ ಡ್ರೈವ್ ಎಕ್ಸ್‌ಕ್ಲೂಷನ್ ಪಟ್ಟಿಗೆ, ಅಂದರೆ ಡಿಫೆಂಡರ್ ನೋಡದೆ ಬಿಡೋ ಜಾಗಗಳ ಪಟ್ಟಿಗೆ ಸೇರಿತ್ತು. ಡಿಫೆಂಡರ್ ಆಮೇಲೆ ಆನ್ ಆಗಿತ್ತು, ಹಸಿರು ಟಿಕ್ಕೂ ಇತ್ತು, ಆದರೆ ಡಿ ಡ್ರೈವ್ ಕಡೆ ಅದು ಕಣ್ಣೆತ್ತಿ ನೋಡ್ತಿರಲಿಲ್ಲ. ನಾನು ಇವತ್ತಿಗೂ 5001ಕ್ಕಿಂತ 5007ಕ್ಕೆ ಹೆಚ್ಚು ಹೆದರೋದು ಇದಕ್ಕೇ. ಟ್ಯಾಂಪರ್ ಪ್ರೊಟೆಕ್ಷನ್ (ಡಿಫೆಂಡರನ್ನ ಯಾರೂ ಕೆಡಿಸದಂತೆ ತಡೆಯೋ ಸೆಟ್ಟಿಂಗ್) ಆನ್ ಇದ್ದರೂ ನಮ್ಮಂಥ ಸಣ್ಣ ಜಾಗಗಳಲ್ಲಿ ಅಡ್ಮಿನ್ ಆದವರು ಎಕ್ಸ್‌ಕ್ಲೂಷನ್ ಸೇರಿಸಬಹುದು. ಮಾಮೂಲಿ ಅಪ್‌ಡೇಟಿಗೂ 5007 ಬರುತ್ತೆ, ಹಾಗಾಗಿ 'ಎಕ್ಸ್‌ಕ್ಲೂಷನ್ಸ್' ಪದ ಇರೋದನ್ನ ಮಾತ್ರ ಸೋಸಿ ನೋಡ್ರಿ.

ಆ ಆರು ಜನರಲ್ಲಿ ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಅದಕ್ಕೇ ಮೊದಲು ಒಬ್ಬೊಬ್ಬರಿಗೂ ಅವರದೇ ಲಾಗಿನ್ ಕೊಡ್ರಿ, ಅಡ್ಮಿನ್ ಪಾಸ್‌ವರ್ಡ್ ಒಬ್ಬರ ಹತ್ತಿರ ಇರಲಿ. ಇದಿಲ್ಲದೆ ಎಷ್ಟು ಲಾಗ್ ಕೂಡಿಟ್ಟರೂ ಹೆಸರು ಸಿಗಲ್ಲ. 5001ರಲ್ಲಿ ಹೊತ್ತು ಸಿಗುತ್ತೆ, ಆಳು ಸಿಗೋದು ಕಡಿಮೆ. ಆ ಹೊತ್ತಿಗೆ ಯಾರು ಲಾಗಿನ್ ಆಗಿದ್ದರು ಅಂತ, ಸೆಕ್ಯುರಿಟಿ ಲಾಗಿನಲ್ಲಿ ಲಾಗಿನ್ ಆದಾಗ ಬರೋ 4624ರ ಜೊತೆ ತಾಳೆ ನೋಡಬೇಕು. ಇವುಗಳ ಜೊತೆಗೆ ಆಡಿಟ್ ಪಾಲಿಸಿ (ಏನೇನು ಲಾಗಿಗೆ ಬರೆಯಬೇಕು ಅನ್ನೋ ಸೆಟ್ಟಿಂಗ್) ಬದಲಾದರೆ ಬರೋ 4719, ಅಡ್ಮಿನ್ ಗುಂಪಿಗೆ ಯಾರನ್ನಾದರೂ ಸೇರಿಸಿದರೆ ಬರೋ 4732 ನೋಡಿದರೆ ಸದ್ಯಕ್ಕೆ ಸಾಕು.

ಆಮೇಲೆ ಲಾಗನ್ನ ಬೇರೆ ಯಂತ್ರಕ್ಕೆ ಕಳಿಸ್ರಿ. ಸೆಕ್ಯುರಿಟಿ ಲಾಗಿನ ಡಿಫಾಲ್ಟ್ ಮಿತಿ 20 ಎಂಬಿ, ತುಂಬಿದ ಮೇಲೆ ಹಳೆಯದು ತಾನೇ ಹೋಗುತ್ತೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ 180 ದಿನದ ಲಾಗ್ ಇಡಬೇಕು ಅಂತ ಹೇಳಿದೆ. ನಾನು 8 ಜಿಬಿ ರ‍್ಯಾಮಿನ ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ವಾಝು (ಎಲ್ಲಾ ಕಂಪ್ಯೂಟರುಗಳ ಲಾಗ್ ಒಂದೆಡೆ ಸೇರಿಸೋ ಸಾಫ್ಟ್‌ವೇರ್) ಕೂಡಿಸಿದೆ, ಅದು ಉಚಿತ. ಒಂದು ಎಚ್ಚರ: ಅದರ ವಿಂಡೋಸ್ ಏಜೆಂಟ್ (ಪ್ರತಿ ಕಂಪ್ಯೂಟರಿನಲ್ಲಿ ಕೂತು ಲಾಗ್ ಕಳಿಸೋ ಪ್ರೋಗ್ರಾಂ) ಡಿಫೆಂಡರ್ ಲಾಗನ್ನ ತಾನಾಗಿ ಓದಲ್ಲ, ಕಾನ್ಫಿಗ್ ಫೈಲಿನಲ್ಲಿ ಆ ಚಾನೆಲ್ ನಾವೇ ಸೇರಿಸಬೇಕು.

ಏಜೆಂಟನ್ನೇ ನಿಲ್ಲಿಸಿಬಿಟ್ಟರೆ? ಅದಕ್ಕೇ ಯಾವ ಕಂಪ್ಯೂಟರ್ ಸುಮ್ಮನಾಯಿತು ಅನ್ನೋದಕ್ಕೂ ಅಲರ್ಟ್ ಬೇಕು. ನಮ್ಮ ಕಡೆ ಕರೆಂಟ್ ಹೋದಾಗಲೂ ಅದು ಕೂಗುತ್ತೆ. ಎಲ್ಲಾ ಒಟ್ಟಿಗೇ ಸುಮ್ಮನಾದರೆ ಕರೆಂಟ್, ಮತ್ತೆ ಆನ್ ಆದಾಗ ಸಿಸ್ಟಮ್ ಲಾಗಿನಲ್ಲಿ 6008 (ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅನ್ನೋ ಸಾಲು) ಇರುತ್ತೆ. ಒಂದೇ ಒಂದು ಸುಮ್ಮನಾದರೆ ನಾನು ಗಾಡಿ ತಗೊಂಡು ಹೊರಡ್ತೀನಿ.

ಇವತ್ತು ಒಂದು ಕಂಪ್ಯೂಟರಿನಲ್ಲಾದರೂ 5007 ತೆಗೆದು ನೋಡ್ರಿ. ಅರ್ಥವಾಗದ 'ನ್ಯೂ ವ್ಯಾಲ್ಯೂ' ಸಾಲು ಸಿಕ್ಕರೆ, ಆಫೀಸಿನ ಹೆಸರು ಅಳಿಸಿ ಇಲ್ಲೇ ಹಾಕ್ರಿ, ಕೂತು ಓದೋಣ.