ಒಪ್ಪಿಸಿದ ಮೇಲೂ ನಿದ್ದೆ ಬಾರದಿದ್ದರೆ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಯೇಸುಸಭೆ (ಜೆಸ್ವಿಟ್) ಸ್ಥಾಪಿಸಿದ ಸಂತ ಇಗ್ನೇಷಿಯಸರ ಸಮರ್ಪಣೆಯ ಪ್ರಾರ್ಥನೆಯನ್ನು ಮೂರು ತಿಂಗಳಿಂದ ದಿನಾ ರಾತ್ರಿ ಹೇಳಿ ಮಲಗುತ್ತೇನೆ. ಆದರೂ ಮೂರು ಗಂಟೆಗೆ ಎಚ್ಚರ, ಎದೆ ಡವಡವ. ನಂಬಿ ಬಿಟ್ಟುಕೊಟ್ಟವರಿಗೆ ಶಾಂತಿ ತಾನಾಗಿ ಬರುತ್ತದಂತೆ. ನನ್ನ ವಿಶ್ವಾಸವೇ ಸಾಲದೆ? ಬೇಸತ್ತು ನೌಕರಿಗೆ ರಾಜೀನಾಮೆ ಬರೆದಿಟ್ಟಿದ್ದೇನೆ."

ಉತ್ತರ: ಶಾಂತಿ ದೇವರ ಕೊಡುಗೆ, ನಮ್ಮ ಗಳಿಕೆಯಲ್ಲ. ಒಪ್ಪಿದೆ. ಆದರೆ ಆ "ತಾನಾಗಿ" ಎಂಬ ಮಾತನ್ನು ನಿಮ್ಮ ಕಿವಿಗೆ ಹಾಕಿದವರ ಮೇಲೆ ನನಗೆ ತಕರಾರಿದೆ. ಶರಣಾದವನು ತಾಯಿ ಕಚ್ಚಿಕೊಂಡು ಹೋಗುವ ಬೆಕ್ಕಿನ ಮರಿಯೋ, ತಾಯಿಯನ್ನು ಅವುಚಿಕೊಂಡ ಕೋತಿಮರಿಯೋ ಎಂದು ಶ್ರೀವೈಷ್ಣವರಲ್ಲಿ ಹಳೆಯ ವಾದವಿದೆಯಲ್ಲ, ಕ್ರೈಸ್ತರಲ್ಲೂ ಅಂಥದೇ ಒಂದು ನಡೆದಿದೆ. ಆತ್ಮ ಏನೂ ಮಾಡದೆ ಸುಮ್ಮನಿರಬೇಕು ಎಂದು ಕಲಿಸಿದ ಸ್ಪೇನಿನ ಪಾದ್ರಿ ಮಿಗೆಲ್ ದೆ ಮೊಲಿನೋಸ್‌ನ 68 ಹೇಳಿಕೆಗಳನ್ನು 1687ರಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟ್ ಖಂಡಿಸಿದರು. ನಾನಂತೂ ಕೋತಿಮರಿಯ ಪಕ್ಷ, ನಾವೂ ಅವುಚಿ ಹಿಡಿಯಬೇಕು.

ನೀವು ಹೇಳುವ ಪ್ರಾರ್ಥನೆ ಎಲ್ಲಿ ಬರುತ್ತದೆ ಗೊತ್ತೆ? ಇಗ್ನೇಷಿಯಸರ "ಆಧ್ಯಾತ್ಮಿಕ ಸಾಧನೆಗಳು" ಎಂಬ ಪುಸ್ತಕದಲ್ಲಿರುವುದು ಸುಮಾರು 30 ದಿನದ ಧ್ಯಾನಕ್ರಮ. ದಿನಕ್ಕೆ ನಾಲ್ಕೈದು ಸಲ, ಸಲಕ್ಕೊಂದು ಗಂಟೆ. ಉದ್ಯೋಗಸ್ಥರಿಗೆ ದಿನಕ್ಕೆ ಒಂದೂವರೆ ಗಂಟೆಯ ರಿಯಾಯಿತಿಯೂ ಉಂಟು. ಅದರ ಕಟ್ಟಕಡೆಯ ಧ್ಯಾನದಲ್ಲಿ, ಪಡೆದ ಉಪಕಾರಗಳನ್ನು ಒಂದೊಂದಾಗಿ ನೆನೆದ ಮೇಲೆ, "ನನ್ನ ಸ್ವಾತಂತ್ರ್ಯ, ನೆನಪು, ಬುದ್ಧಿ, ಇಚ್ಛೆ ಎಲ್ಲ ನಿನ್ನದೇ, ತೆಗೆದುಕೋ" ಎಂಬ ಮಾತು ಬರುತ್ತದೆ. ನೀವು ಪಾಯ ತೋಡದೆ ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಿದ್ದೀರಿ. ತಪ್ಪು ನಿಮ್ಮದಲ್ಲ, ಪ್ರಾರ್ಥನೆಯನ್ನಷ್ಟೇ ಕತ್ತರಿಸಿ ಕಾರ್ಡಿನಲ್ಲಿ ಅಚ್ಚು ಹಾಕುವವರದು.

ಅದರ ಬದಲು ರಾತ್ರಿ ಹದಿನೈದು ನಿಮಿಷ ಅವರದೇ ಆತ್ಮಶೋಧನೆ ಮಾಡಿ. ಮೊದಲು ಇಂದಿನ ಉಪಕಾರಗಳಿಗೆ ಕೃತಜ್ಞತೆ. ಆಮೇಲೆ ಕಾಣುವ ಕಣ್ಣು ಕೊಡು ಎಂಬ ಬೇಡಿಕೆ. ಮೂರನೆಯದು, ಎದ್ದ ಹೊತ್ತಿನಿಂದ ಗಂಟೆ ಗಂಟೆಯಾಗಿ ದಿನವನ್ನು ತಿರುಗಿ ನೋಡುವುದು. ನಂತರ ಕ್ಷಮೆ, ನಾಳೆಯ ನಿರ್ಧಾರ, ಕೊನೆಗೆ ಯೇಸು ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರ. ಕೆಡುವುದು ಸಾಮಾನ್ಯವಾಗಿ ಮೂರನೆಯದರಲ್ಲಿ. ಕೃತಜ್ಞತೆ ಹಾರಿಸಿ ನೇರ ಇಲ್ಲಿಗೆ ಬಂದವರು ತಮ್ಮ ಮೇಲೆ ತಾವೇ ಕೋರ್ಟು ನಡೆಸುತ್ತಾರೆ. ಇನ್ನು ಕೆಲವರು "ಆಫೀಸಿನ ಚಿಂತೆ" ಎಂದು ಮೂಟೆ ಕಟ್ಟಿ ಒಪ್ಪಿಸುತ್ತಾರೆ. ಮೂಟೆ ಬೇಡ, ಬಿಚ್ಚಿ. "ಹನ್ನೊಂದು ಗಂಟೆಗೆ ಸಾಹೇಬರು ಫೈಲು ಎಸೆದಾಗ ನನಗೆ ಗಂಟಲು ಕಟ್ಟಿತು" ಎನ್ನಿ. ಹೆಸರಿಡದ ಭಯವೇ ಮೂರು ಗಂಟೆಗೆ ಎಬ್ಬಿಸುವುದು.

ವಿಶ್ವಾಸ ಸಾಲದೆ ಎಂದು ಕೇಳಿದ್ದೀರಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೂರು ಸಲ ಪ್ರಾರ್ಥಿಸಬೇಕಾಯಿತು, ಅದೂ "ಈ ಪಾತ್ರೆ ನನ್ನಿಂದ ದೂರವಾಗಲಿ", ಅಂದರೆ ಈ ಸಂಕಟ ತಪ್ಪಲಿ, ಎಂಬ ಬೇಡಿಕೆಯಿಂದಲೇ ಶುರು. ಒಂದೇ ರಾತ್ರಿಯಲ್ಲಿ ಬಿಡುಗಡೆ ಎಂದು ಬ್ಯಾನರ್ ಕಟ್ಟುವವರಿಗೆ, ಸೂರ್ಯೋದಯದ ಚಿತ್ರಕ್ಕೊಂದು ವಚನ ಅಂಟಿಸಿ ವಾಟ್ಸಾಪಿಗೆ ಬಿಡುವವರಿಗೆ ಈ ಭಾಗ ಓದಲು ಪುರುಸೊತ್ತಿಲ್ಲ. ಶಾಂತಿ ಬಂದರೆ ಕೀರ್ತಿ ಅವರ ಕೂಟಕ್ಕೆ. ಬಾರದಿದ್ದರೆ ನಿಮ್ಮ ವಿಶ್ವಾಸ ಕಡಿಮೆ! ಯಾವ ಅಂಗಡಿಯವನಾದರೂ ಇಂಥ ಗ್ಯಾರಂಟಿ ಕೊಟ್ಟರೆ ನಾವು ಸುಮ್ಮನಿರುತ್ತೇವೆಯೆ?

ಇಗ್ನೇಷಿಯಸರಿಗೂ ಸಲೀಸಾಗಿ ಸಿಕ್ಕಿದ್ದಲ್ಲ. 1522ರಲ್ಲಿ ಸ್ಪೇನಿನ ಮನ್ರೇಸಾ ಊರಿಗೆ ಬಂದವರನ್ನು, ಗುರುಗಳ ಮುಂದೆ ಮಾಡಿದ ಪಾಪನಿವೇದನೆಯಲ್ಲಿ ಏನೋ ಬಿಟ್ಟುಹೋಗಿದೆ ಎಂಬ ಶಂಕೆ ತಿಂಗಳುಗಟ್ಟಲೆ ಕಾಡಿತು. ಶಾಂತಿ ಸಿಗುವವರೆಗೆ ಉಣ್ಣುವುದಿಲ್ಲ ಎಂದು ವಾರ ಪೂರ್ತಿ ಉಪವಾಸ ಕೂತರು. ಗುರುಗಳು "ಉಪವಾಸ ಬಿಡು" ಎಂದು ಆಜ್ಞೆ ಮಾಡಿದ ಮೇಲೆ ಬಿಟ್ಟರು. ಹಾಗಾಗಿ ನೀವೂ ಒಬ್ಬ ಗುರುಗಳನ್ನು ಕಾಣಿ. ಮೂರು ತಿಂಗಳು ನಿದ್ದೆಗೆಟ್ಟಿದ್ದೀರಿ, ವೈದ್ಯರನ್ನೂ ಕಾಣಿ. ಅದು ದೇವರ ಮೇಲಿನ ಅವಿಶ್ವಾಸವಲ್ಲ.

ಇನ್ನು ರಾಜೀನಾಮೆ. ಮನಸ್ಸು ಬರಡಾಗಿರುವಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬೇಡ ಎಂಬುದು ಇಗ್ನೇಷಿಯಸರ ಸ್ಪಷ್ಟ ನಿಯಮ. ಪ್ರಾರ್ಥನೆಯ ಗಂಟೆ ಭಾರವಾದರೆ ಮೊಟಕು ಮಾಡದೆ, ಗಂಟೆಯ ಮೇಲೆ ಇನ್ನೊಂದಿಷ್ಟು ಹೊತ್ತು ಕೂರು ಎನ್ನುತ್ತಾರೆ. ನಾಲ್ಕು ದಿನ ನೆಟ್ಟಗೆ ನಿದ್ದೆ ಬಂದ ಮೇಲೂ ಆ ಕಾಗದ ಸರಿ ಎನಿಸಿದರೆ ಆಗ ಕೊಡಿ. ಅಲ್ಲಿಯವರೆಗೆ ಮೇಜಿನ ಡ್ರಾಯರಿನಲ್ಲೇ ಇರಲಿ.