ಬೋರ್ ತೆಗೆಯುವ ಮೊದ್ಲು ಜಿಯಾಲಜಿ ಮ್ಯಾಪ್ ನೋಡಿ ಪ್ರಯೋಜನ ಉಂಟಾ? – ಹಿರಿಯಡ್ಕದ ಶೆಟ್ರಿಗೆ ಉತ್ತರ

ಶೆಟ್ರೆ, ನಿಮ್ಮ ಪೋಸ್ಟ್ ನಿನ್ನೆ ರಾತ್ರಿ ನೋಡಿದೆ. 2 ಎಕರೆ ಅಡಿಕೆ ತೋಟ, ಎರಡು ಬೋರ್ ಫೇಲ್, ಮೂರನೇದು ತೆಗೆಯುವ ಮೊದ್ಲು ಭೂವಿಜ್ಞಾನ ಇಲಾಖೆಯ ಪುಸ್ತಕವೋ ಮ್ಯಾಪೋ ನೋಡಿದ್ರೆ ನೀರಿರುವ ಜಾಗ, ಅಂದ್ರೆ ಪಾಯಿಂಟ್, ಸಿಗ್ತದಾ ಅಂತ ಕೇಳಿದ್ರಿ. ಕೆಳಗೆ ಒಬ್ರು ತೆಂಗಿನಕಾಯಿ ಅಂಗೈಯಲ್ಲಿ ಹಿಡಿದು ನೀರಿನ ಜಾಗ ಹೇಳುವವರನ್ನು ಕರೀರಿ ಅಂದಿದ್ದಾರೆ, ಇನ್ನೊಬ್ರು ಮ್ಯಾಪಲ್ಲಿ ಎಲ್ಲ ಉಂಟು ಅಂದಿದ್ದಾರೆ. ಪಾಯಿಂಟ್ ಸಿಗೂದಿಲ್ಲ ಮಾರಾಯ್ರೆ, ಅದನ್ನು ಮೊದ್ಲೇ ಹೇಳಿಬಿಡ್ತೇನೆ. ಆದ್ರೆ ಕೆಳಗೆ ಎಂತ ಕಲ್ಲು ಉಂಟು, ಡ್ರಿಲ್ಲಿಂಗಿನವನ ಹತ್ರ ಎಂತ ಕೇಳ್ಬೇಕು ಅಂತ ಗೊತ್ತಾಗ್ತದೆ, ದುಡ್ಡು ಉಳಿಯೂದು ಅಲ್ಲಿ.

ಪುಸ್ತಕದ ವಿಷಯಕ್ಕೆ ಬಂದ್ರೆ, ನಾನು ಸಹ ಶುರುವಲ್ಲಿ ರಾಜ್ಯದ ಇಲಾಖೆಯ ಹಳೇ ರೆಕಾರ್ಡ್ಸ್ ಹುಡುಕಿ ಹುಡುಕಿ ಸುಸ್ತಾದವನೇ. ಮೈಸೂರು ಜಿಯಲಾಜಿಕಲ್ ಡಿಪಾರ್ಟ್‌ಮೆಂಟ್ ಶುರುವಾದದ್ದು 1894ರಲ್ಲಿ, ಭೂವಿಜ್ಞಾನಿ ಬ್ರೂಸ್ ಫೂಟ್ ಇದ್ದ ಕಾಲ, ಅವ್ರ ವರದಿಗಳು ಭಾರೀ ಚಂದ ಉಂಟು, ಆದ್ರೆ ಅದೆಲ್ಲ ಮೈಸೂರು ಸಂಸ್ಥಾನದ್ದು, ಕೋಲಾರ, ಚಿತ್ರದುರ್ಗ, ಶಿವಮೊಗ್ಗ ಹೀಗೆ. ನಾವು ಆಗ ಮದ್ರಾಸಿನವರಲ್ವಾ, ಸೌತ್ ಕೆನರಾ, ಮೈಸೂರಿಗೆ ಸೇರಿದ್ದೇ 1956ರಲ್ಲಿ. ಘಟ್ಟದ ಮೇಲಿನವ್ರಿಗೆ ಅಜ್ಜನ ಕಾಲದ ವರದಿ ಸಿಗ್ತದೆ, ನಮ್ಗೆ ಅದ್ರಲ್ಲಿ ಎಂತದೂ ಇಲ್ಲ. ಮತ್ತೆ ಉಡುಪಿ ಅಂತ ಹುಡುಕ್ಬೇಡಿ, ಜಿಲ್ಲೆ ಆದದ್ದು 1997ರಲ್ಲಿ, ಹಿಂದಿನದ್ದೆಲ್ಲ ದಕ್ಷಿಣ ಕನ್ನಡದ ಹೆಸರಲ್ಲಿ ಉಂಟು, ಅದಕ್ಕೂ ಹಿಂದಿನದ್ದು ಸೌತ್ ಕೆನರಾ, ಕೆನರಾ ಅಂತ ಒಮ್ಮೆ ಇಂಗ್ಲಿಷ್ ಸಿ ಹಾಕಿ ಒಮ್ಮೆ ಕೆ ಹಾಕಿ ಹುಡುಕಿ.

ನಿಮ್ಗೆ ಬೇಕಾದ್ದು ಜಿಎಸ್‌ಐ, ಅಂದ್ರೆ ಜಿಯಲಾಜಿಕಲ್ ಸರ್ವೇ ಆಫ್ ಇಂಡಿಯಾದ್ದು. ಅವ್ರ ಭೂಕೋಶ್ ಅನ್ನುವ ಪೋರ್ಟಲಲ್ಲಿ 1:50,000 ಸ್ಕೇಲಿನ ಮ್ಯಾಪ್ ಉಂಟು. ಟೋಪೋಶೀಟ್, ಅಂದ್ರೆ ಸರ್ವೇ ನಕ್ಷೆಯ ಹಾಳೆಯ ನಂಬರ್ ಹಾಕಿ ಹುಡುಕಿ, ಹಿರಿಯಡ್ಕ ಮಣಿಪಾಲ ಕಡೆಗೆ 48 ಕೆ/15, ಮಂಗಳೂರಿನವ್ರು ಕೇಳಿದ್ರೆ 48 ಎಲ್/13. ಜೊತೆಗೆ ಸೆಂಟ್ರಲ್ ಗ್ರೌಂಡ್ ವಾಟರ್ ಬೋರ್ಡಿನ ಜಿಲ್ಲಾ ವರದಿ ತೆಗೀರಿ, ಮಳೆಗೆ ಮೊದ್ಲು ಮತ್ತು ಮಳೆ ಆದ ಮೇಲೆ ಬಾವಿಯ ನೀರು ಎಷ್ಟು ಆಳದಲ್ಲಿ ಇರ್ತದೆ ಅಂತ ಅದ್ರಲ್ಲಿ ಬರ್ತದೆ, ರೈತರಿಗೆ ಕಲ್ಲಿನ ಹೆಸರಿಗಿಂತ ಅದೇ ಉಪಯೋಗ.

ಈಗ ಆ ಮ್ಯಾಪಲ್ಲಿ ನಿಮ್ಮ ಜಾಗ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ. 1 ಸೆಂಟಿಮೀಟರ್ ಅಂದ್ರೆ 500 ಮೀಟರ್. 2 ಎಕರೆ ಚೌಕ ಮಾಡಿದ್ರೆ ಒಂದು ಬದಿ 90 ಮೀಟರ್ ಆಗ್ತದೆ, ಮ್ಯಾಪಲ್ಲಿ 2 ಮಿಲಿಮೀಟರ್ ಸಹ ಬರೂದಿಲ್ಲ, ಒಂದು ಕುಚ್ಚಲಕ್ಕಿ ಕಾಳು ಇಟ್ರೆ ತೋಟ, ಮನೆ, ಹಟ್ಟಿ ಎಲ್ಲ ಅಡಿಗೆ ಹೋಗ್ತದೆ. ಅದ್ರಲ್ಲಿ ಎಲ್ಲಿ ಪಾಯಿಂಟ್ ಹುಡುಕ್ತೀರಿ?

ಮ್ಯಾಪ್ ನೋಡುವಾಗ ಬಣ್ಣಕ್ಕಿಂತ ಗೆರೆ ನೋಡಿ. ಬಣ್ಣ ನಮ್ಮಲ್ಲಿ ಹೆಚ್ಚು ಬದಲಾಗೂದಿಲ್ಲ, ಅಡಿಯಲ್ಲಿ ಹೆಚ್ಚಾಗಿ ನೈಸ್, ಅಂದ್ರೆ ನಾವು ಕಪ್ಪು ಕಲ್ಲು ಅನ್ನೂದು, ಅಲ್ಲಲ್ಲಿ ಗ್ರಾನೈಟ್, ಮೇಲೆ ಮುರಕಲ್ಲಿನ, ಅಂದ್ರೆ ತೂತು ತೂತಾದ ಕೆಂಪು ಕಲ್ಲಿನ ಟೊಪ್ಪಿ, ಹೊಳೆ ಬದಿ ಹೊಯಿಗೆ, ಅಂದ್ರೆ ಮರಳು. (ಮಲ್ಪೆಯ ಸೈಂಟ್ ಮೇರೀಸ್ ದ್ವೀಪದ ಕಂಬದ ಹಾಗಿನ ಕಲ್ಲು ಬೇರೆಯೇ, ಅದು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಪುಸ್ತಕದಲ್ಲಿ ಅದಕ್ಕೇ ಎಲ್ಲ ಮರ್ಯಾದೆ, ನಮ್ಮ ತೋಟದ ಕಲ್ಲನ್ನು ಕೇಳುವವರಿಲ್ಲ.) ಉದ್ದ ಸಪೂರ ಗೆರೆ ಕಂಡ್ರೆ ಅದು ಡೈಕ್ ಇರ್ಬಹುದು, ಹಳೇ ಕಲ್ಲಿನ ಬಿರುಕಲ್ಲಿ ಕೆಳಗಿಂದ ಕರಗಿದ ಕಲ್ಲು ನುಗ್ಗಿ ಗೋಡೆ ಹಾಗೆ ಗಟ್ಟಿ ಆದದ್ದು. ಜಾಗದಲ್ಲಿ ನೋಡಿದ್ರೆ ಕಪ್ಪು ಉರುಟು ಬಂಡೆ ಒಂದೇ ಸಾಲಲ್ಲಿ ಹೋಗ್ತದೆ, ಮೇಲಿನ ಪದರ ನೀರುಳ್ಳಿ ಸಿಪ್ಪೆ ಹಾಗೆ ಏಳ್ತದೆ. ಗುಡ್ಡೆಯಿಂದ ಇಳಿಯುವ ನೀರಿಗೆ ಆ ಗೋಡೆ ಅಡ್ಡ ನಿಂತಿದ್ರೆ ಮೇಲಿನ ಬದಿಯಲ್ಲಿ ನೀರು ನಿಲ್ಲುವ ಚಾನ್ಸ್ ಹೆಚ್ಚು. ಡೈಕಿನ ನಡುವಲ್ಲೇ ಬೋರ್ ಹಾಕಿದ್ರೆ ಬಿಟ್ ಸವೀತದೆ, ಧೂಳು ಬರ್ತದೆ, ಅಷ್ಟೇ. ನಿಮ್ಮ ಎರಡನೇ ಬೋರ್ ಅಂತದ್ದೇ ಇರ್ಬಹುದು ಅಂತ ನಂಗೆ ಡೌಟು, ಪೂರ್ತಿ ಕಪ್ಪು ಧೂಳು ಬಂತು ಅಂತ ಬರೆದಿದ್ರಿ.

ಇನ್ನು ಶೇಡಿ, ಅಂದ್ರೆ ಮುರಕಲ್ಲಿನ ಅಡಿಯಲ್ಲಿರುವ ಬಿಳಿ ಅಥವಾ ನಸುಗೆಂಪು ನುಣ್ಣನೆ ಮಣ್ಣು. ಮುರಕಲ್ಲು ನೀರು ಎಳೀತದೆ, ಆದ್ರೆ ಹಿಡ್ಕೊಳ್ಳೂದಿಲ್ಲ, ಅದಕ್ಕೇ 4000 ಮಿಲಿಮೀಟರ್ ಹತ್ರ ಮಳೆ ಬಂದ್ರೂ ಏಪ್ರಿಲ್‌ಗೆ ಗುಡ್ಡೆ ಮೇಲಿನ ಬಾವಿ ಖಾಲಿ. ಇಳಿದ ನೀರು ಅಡಿಯ ಶೇಡಿ ಮಣ್ಣಿಗೆ ತಾಗಿ ಬದಿಗೆ ಹೋಗಿ ಗುಡ್ಡೆ ಬುಡದಲ್ಲಿ ಒಸರಾಗಿ ಬರ್ತದೆ. ನಿಮ್ಮ ಬರೆಯಲ್ಲಿ, ಅಂದ್ರೆ ಗುಡ್ಡೆಯ ಕಡಿದಾದ ಬದಿಯಲ್ಲಿ, ಡಿಸೆಂಬರಲ್ಲಿ ಎಲ್ಲಿ ಒದ್ದೆ ಇರ್ತದೆ ಅಂತ ಗುರ್ತು ಹಾಕಿ ಇಟ್ಕೊಳ್ಳಿ, ಮುರ ಮುಗಿದು ಶೇಡಿ ಶುರು ಆಗೂದು ಅಲ್ಲಿಯೇ, ಯಾವ ಮ್ಯಾಪೂ ಅಷ್ಟು ಕರೆಕ್ಟಾಗಿ ಹೇಳೂದಿಲ್ಲ. ಬೋರಿಗೆ ಈ ಶೇಡಿಯೇ ಶನಿ. ನನ್ನದ್ರಲ್ಲಿ ಡ್ರಿಲ್ಲಿಂಗಿನವ ಗಟ್ಟಿ ಸಿಕ್ಕಿತು ಅಂತ 60 ಅಡಿಗೆ ಕೇಸಿಂಗ್, ಅಂದ್ರೆ ಮಣ್ಣು ಕುಸಿಯದ ಹಾಗೆ ಇಳಿಸುವ ಪೈಪ್, ನಿಲ್ಲಿಸಿದ, ಅದು ಶೇಡಿ ಒಳಗೆ ಉಳಿದ ಒಂದು ಬಂಡೆ ಆಗಿತ್ತು, ನಿಜವಾದ ಕಲ್ಲು ಇದ್ದದ್ದು 85ರಲ್ಲಿ. ಮೊದಲ ಮಳೆಗೇ ಪೈಪಲ್ಲಿ ಅಕ್ಕಿ ತೊಳೆದ ನೀರಿನ ಹಾಗೆ ಬಂತು, ಎರಡು ವರ್ಷದಲ್ಲಿ ಮೋಟಾರು ಹೂತು ಹೋಯ್ತು.

ಹಾಗಾಗಿ ಮೂರನೇದಕ್ಕೆ ಒಂದು ಕೆಲ್ಸ ಮಾಡಿ. ಜಗಲಿಯಲ್ಲಿ 30 ಗೆರಟೆ ಸಾಲಾಗಿ ಇಡಿ, ಪ್ರತಿ 10 ಅಡಿಗೆ ಬರುವ ಪುಡಿ ಒಂದೊಂದು ಗೆರಟೆಗೆ ಹಾಕಿಸಿ. ಕೆಂಪು ಬಂದಷ್ಟು ಹೊತ್ತು ಮುರ, ಬಿಳಿ ಅಥವಾ ನಸುಗೆಂಪು, ಬೆರಳಲ್ಲಿ ಉಜ್ಜಿದ್ರೆ ಪೌಡರ್ ಹಾಗೆ ನುಣ್ಣಗೆ ಇದ್ರೆ ಶೇಡಿ, ಕಪ್ಪು ಬಿಳಿ ಹರಳು ಚೂಪಾಗಿ ತಾಗಿದ್ರೆ ಕಲ್ಲು. ಎರಡು ಗೆರಟೆ ಪೂರ್ತಿ ಚೂಪು ಪುಡಿ ಬಾರದೆ ಕೇಸಿಂಗ್ ನಿಲ್ಲಿಸ್ಲಿಕ್ಕೆ ಬಿಡ್ಬೇಡಿ, ಅವ್ರು ಅರ್ಜೆಂಟ್ ಮಾಡ್ತಾರೆ, ಮಾಡ್ಲಿ.

ತೆಂಗಿನಕಾಯಿಯವ್ರನ್ನು ಕರೀಬೇಡಿ ಅಂತ ನಾನು ಹೇಳೂದಿಲ್ಲ, ನಮ್ಮಪ್ಪನೂ ಕರೆದಿದ್ರು. ಆದ್ರೆ ಅದಕ್ಕೆ ಕೊಡುವ ದುಡ್ಡಿಗೆ ನಾಲ್ಕು ಸರಳು ಊರಿ ಕರೆಂಟ್ ಬಿಟ್ಟು ರೆಸಿಸ್ಟಿವಿಟಿ, ಅಂದ್ರೆ ನೆಲ ಕರೆಂಟನ್ನು ಎಷ್ಟು ತಡೀತದೆ ಅಂತ, ನೋಡುವವರನ್ನು ಸಹ ಕರೆದು ನೋಡಿ, ಜಿಲ್ಲೆಯ ಅಂತರ್ಜಲ ಕಚೇರಿಯಲ್ಲಿ ಭೂವಿಜ್ಞಾನಿ ಇರ್ತಾರೆ, ಮೊದ್ಲು ಅಲ್ಲಿ ವಿಚಾರಿಸಿ.

ಫೇಲ್ ಆದ ಎರಡು ಬೋರಿನ ಆಳ, ಕೇಸಿಂಗ್ ಎಷ್ಟು ಅಡಿ, ಪಕ್ಕದ ಮನೆಯವರ ಬಾವಿ ಯಾವ ತಿಂಗಳಿಗೆ ಬತ್ತುತ್ತದೆ, ಇಷ್ಟು ಇಲ್ಲೇ ಹಾಕಿ. ಮತ್ತೆ ಆ ಕಪ್ಪು ಧೂಳು ಇನ್ನೂ ಬೋರಿನ ಹತ್ರ ರಾಶಿ ಉಂಟಾದ್ರೆ ಒಂದು ಹಿಡಿ ತೊಳೆದು ಬಿಸಿಲಲ್ಲಿ ಇಟ್ಟು ಫೋಟೋ ತೆಗೀರಿ, ನೋಡುವ.