ಜ್ವರವೇ ಬರದವರಿಂದಲೂ ಡೆಂಗಿ ಹರಡುತ್ತದೆಯೇ?

‘ದಾವಣಗೆರೆಯ ನಮ್ಮ ಓಣಿಯಲ್ಲಿ ಒಬ್ಬರಿಗೆ ಮಾತ್ರ ಡೆಂಗಿ, ಉಳಿದವರು ಆರಾಮಾಗಿದ್ದಾರೆ. ಭಯವಿಲ್ಲ ಅಲ್ವಾ?’ ಎಂದು ಕೇಳಿದ್ದೀರಿ.

ಆರಾಮಾಗಿರುವವರಿಂದಲೂ ಹರಡುತ್ತದೆ, ಆದರೆ ಸೊಳ್ಳೆಯ ಮೂಲಕ. ಡೆಂಗಿ ವೈರಸ್ ತಗುಲಿದ ನಾಲ್ವರಲ್ಲಿ ಸುಮಾರು ಮೂವರಿಗೆ ಕಾಯಿಲೆ ಗೊತ್ತೇ ಆಗುವುದಿಲ್ಲ. ಅವರ ರಕ್ತದಲ್ಲೂ ಕೆಲವು ದಿನ ವೈರಸ್ ಇರುತ್ತದೆ. ಆಗ ಕಚ್ಚಿದ ಈಡಿಸ್ ಸೊಳ್ಳೆ 8ರಿಂದ 12 ದಿನಗಳಲ್ಲಿ ಅದನ್ನು ಬೇರೆಯವರಿಗೆ ದಾಟಿಸಬಲ್ಲದು. 2015ರಲ್ಲಿ ಪ್ರಕಟವಾದ ಕಾಂಬೋಡಿಯಾದ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಜ್ವರ ಬಂದವರು ಮಲಗಿರುತ್ತಾರೆ; ಇವರು ಸಂತೆ, ಅಂಗಡಿ, ಶಾಲೆ ಅಂತ ಓಡಾಡುತ್ತಾರೆ, ನನಗೆ ಜಾಸ್ತಿ ಚಿಂತೆ ಅದೇ.

ಹಾಗಾಗಿ ರೋಗಿಯ ಮನೆಗೆ ಮಾತ್ರ ಹೊಗೆ ಹೊಡೆಸಿ ಸುಮ್ನಿದ್ದರೆ ಸಾಲದು. ನಲ್ಲಿ ನೀರು ತುಂಬಿಡುವ ಡ್ರಮ್ಮು, ತೊಟ್ಟಿಗಳನ್ನು ಓಣಿಯವರೆಲ್ಲ ವಾರಕ್ಕೊಮ್ಮೆ ಖಾಲಿ ಮಾಡಿ, ಒಳಬದಿ ಉಜ್ಜಿ ತೊಳೆಯಿರಿ. ಮೊಟ್ಟೆಗಳು ಅಲ್ಲೇ ಅಂಟಿಕೊಂಡಿರುತ್ತವೆ.